ಐದನೇ ಮನೆಯ ಭಿಕ್ಷೆ

ದಿಲ್ಲಿಯಲ್ಲಿ ಒಂದೇ ಮುಂಜಾನೆ ಏಳು ನಮೂನೆಯ ಪೊಲೀಸರು ಸಾಲಾಗಿ ನಿಂತು ನನಗೆ ಸೆಲ್ಯೂಟ್ ಹೊಡೆದರು. ಆಮೇಲೆ ಬಿಳಿ ಕುದುರೆಯ ಮೇಲೆ ಕೂರಿಸಿ ಪಾರ್ಲಿಮೆಂಟಿಗೆ ಮೂರು ಸುತ್ತು ಹಾಕಿಸಿದರು. ಕುದುರೆ ದಣಿಯಿತು, ನಾನು ದಣಿಯಲಿಲ್ಲ.

"ಕುದರಿ ಮ್ಯಾಲ ಕುಂತಾಗ ಲುಂಗಿ ಉಟ್ಟಿದ್ಯೋ ಪ್ಯಾಂಟ್ ಹಾಕಿದ್ಯೋ, ದೇವಿಂದ್ರಣ್ಣಾ?" ಚಹಾ ಸೋಸುತ್ತ ಲಾಡ್ಲೆಸಾಬ ಕೇಳಿದ.

"ಪೊಲೀಸರೇ ಪ್ಯಾಂಟ್ ಕೊಟ್ರಲೇ. ಇಸ್ತ್ರಿ ಹೊಡದದ್ದು."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನ್ನ ಮನೆಯ ಕಟ್ಟೆ, ಎದುರಿಗೆ ಲಾಡ್ಲೆಸಾಬನ ಚಹಾದಂಗಡಿ. ಗಾಣಗಾಪುರದಲ್ಲಿ ಬಸ್ಸಿಳಿದ ಯಾತ್ರಿಕರನ್ನು ಹಿಡಿದು ಲಾಡ್ಜಿಗೆ ತಲುಪಿಸುವುದು ನನ್ನ ಕಸುಬು. ನನ್ನಷ್ಟು ಚೆಂದ ಹಿಂದಿ, ಮರಾಠಿ ಆಡುವವನು ಭೀಮೆಯ ಎರಡೂ ದಂಡೆಯಲ್ಲಿ ಹುಟ್ಟಿಲ್ಲ. ಅದಕ್ಕೇ ತೊಗರಿ ಬೆಲೆಗಾಗಿ ಧರಣಿ ಕೂರಲು ಹೊರಟ ರೈತರು ನನ್ನನ್ನು ಮುಂದೆ ಮಾಡಿಕೊಂಡಿದ್ದರು. ದಿಲ್ಲಿ ಅಂದರೆ ನನ್ನ ಹಿತ್ತಲು ಎಂದು ನಾನೇ ಹೇಳಿದ್ದೆ.

ಪಕ್ಕದ ಮನೆಯ ಶಾಂತಲಿಂಗಪ್ಪಣ್ಣನೂ ಬಂದಿದ್ದ. ಲಿಂಗವಿಡುವ ಬೆಳ್ಳಿಯ ಕರಡಿಗೆ ಅವನ ಕೊರಳಲ್ಲಿತ್ತು. ಕಳ್ಳರು ಹರಿದುಕೊಂಡಾರೆಂದು ರೈಲಿನಲ್ಲಿ ಉದ್ದಕ್ಕೂ ಅಂಗಿಯ ಮೇಲಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ದಿಲ್ಲಿ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಅವನು ಕಳೆದುಹೋದ. ಧರಣಿ ಮುಗಿಸಿ ಉಳಿದವರು ಊರಿಗೆ ಬಂದರು. ಹುಡುಕಲು ನಾನೊಬ್ಬ ನಿಂತೆ. ನಿನ್ನೆ ಒಬ್ಬನೇ ಬಂದಿಳಿದವನು ಆಗಿನಿಂದ ಕುದುರೆಯ ಕಥೆ ಹೇಳುತ್ತಲೇ ಇದ್ದೆ. ಅದು ನಿಂತರೆ ಯಾರಾದರೂ ಬೇರೆ ಏನಾದರೂ ಕೇಳಿಯಾರು.

ಮಧ್ಯಾಹ್ನವಾಯಿತು. ಈ ಹೊತ್ತಿಗೆ ದತ್ತ ಮಹಾರಾಜರು ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆಂದು ನಮ್ಮೂರಿನ ನಂಬಿಕೆ. ಕಾರಿನಲ್ಲಿ ಬಂದ ಸಾಹುಕಾರರೂ ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾರೆ; ಐದು ತುಂಬದೆ ಉಣ್ಣುವಂತಿಲ್ಲ. ಆ ಗುಂಪಿನ ಹಿಂದೆ ಸುಭದ್ರಾಬಾಯಿ ಬರುತ್ತಿದ್ದಳು, ಶಾಂತಲಿಂಗಪ್ಪಣ್ಣನ ಹೆಂಡತಿ; ಅಣ್ಣನ ಹೆಂಡತಿಯೆಂದು ನಾನು ವೈನಿ ಅನ್ನುತ್ತಿದ್ದೆ. ಸುಗ್ಗಿಯಲ್ಲಿ ಇಪ್ಪತ್ತು ಆಳಿಗೆ ರೊಟ್ಟಿ ಬಡಿದು ಹಾಕಿದ ಕೈ ಅದು. ಲಿಂಗ ಕಟ್ಟಿಕೊಂಡವರು ದತ್ತನ ಹೆಸರಲ್ಲಿ ಬೇಡುವುದೇನೆಂದು ಮೈದುನರು ಸಿಟ್ಟಾಗಿದ್ದರು. ಗಂಡನ ಸುದ್ದಿ ಬರುವವರೆಗೆ ಬೇಡಿಯೇ ಉಣ್ಣುತ್ತೇನೆಂದು ಆಕೆ ಹರಕೆ ಹೊತ್ತಿದ್ದಳು.

ಕಟ್ಟೆಯ ಕೆಳಗೆ ಬಂದು ನಿಂತಳು. ನಗು ತಾನಾಗಿ ನಿಂತಿತು.

"ಯಾರ್ಯಾರ ಬಾಗಲಿಗಿ ಹೋಗಿದ್ದಿ ತಮ್ಮಾ?"

"ಒಬ್ರ ಇಬ್ರೇನ್ ವೈನಿ! ಆ ಊರಾಗ ಒಂದ ಸ್ಟೇಷನ್ನಿಗೇ ಎರಡ ನಮೂನಿ ಪೊಲೀಸರು. ಪ್ಲಾಟ್‌ಫಾರ್ಮಿನವಗ ಕೇಳಿದೆ. 'ಮೆಟ್ಟಲ ಮ್ಯಾಲ ಕಳದಾನಲ್ಲ, ಅಲ್ಲಿ ಬ್ಯಾರೆ ಪೊಲೀಸ್ ಅದಾರ' ಅಂದ. ಅಲ್ಲಿ ಹೋದ್ರ, 'ನಾವು ರೈಲಿನ ಸಾಮಾನ ಕಾಯೋರು, ನಿಮ್ಮ ಮನಷ್ಯಾ ಸಾಮಾನೇನು?' ಅಂದ."

ಯಾರೋ ಕಿಸಕ್ಕೆಂದರು. ಸುಭದ್ರಾಬಾಯಿ ನಗಲಿಲ್ಲ.

"ಮುಂದ?"

"ಗೇಟಿನ ಹೊರಗ ಊರ ಪೊಲೀಸರು. 'ಹಳದಿ ಗೆರಿ ಒಳಗ ಆಗ್ಯಾದ, ನಮ್ಮದಲ್ಲ' ಅಂದ್ರು. ನೆಲದ ಕೆಳಗ ಮೆಟ್ರೋ ಕಾಯೋರು, ಅವರ ಟೊಪಗೀನೇ ಬ್ಯಾರೆ. ಅವರು ಮ್ಯಾಲ ಕಳಿಸಿದ್ರು. ಮ್ಯಾಲಿನವರು ರಸ್ತೆ ಆಚಿ ಠಾಣೆಕ್ಕ ಕಳಿಸಿದ್ರು. ರಸ್ತೆ ಈಚಿಗೊಬ್ಬ, ಆಚಿಗೊಬ್ಬ ವೈನಿ! ಎಲ್ಲಾರೂ ನನ್ನ ಹಿಂದಿ ಕೇಳಿ ಬೆರಗಾಗಿ..."

"ಒಬ್ಬೊಬ್ಬರೂ ಮುಂದಿನವನ ಕಡಿ ಕೈ ಮಾಡ್ಯಾರ," ಎಂದಳು ಆಕೆ, ಲೆಕ್ಕ ಒಪ್ಪಿಸುವವಳಂತೆ ಮೆಲ್ಲಗೆ. "ಕಡೀಕಿನವ ಎಲ್ಲಿ ಕೈ ಮಾಡ್ದ?"

ಬಾಯಿಗೆ ತಟ್ಟನೆ ಬಂದದ್ದನ್ನೇ ಆಡಿದೆ. "ಅವ... ಅವನೇ ಕುದರಿ ತರಸ್ದ."

ಲಾಡ್ಲೆಸಾಬ ಸ್ಟವ್ವಿನ ಉರಿ ಇಳಿಸಿದ. ಸುಭದ್ರಾಬಾಯಿ ಜೋಳಿಗೆಯ ಬಾಯಿ ಅಗಲಿಸಿ ನನ್ನ ಮುಂದೆ ಹಿಡಿದಳು.

"ಇವತ್ತ ನಾಕ ಮನಿ ಆಗ್ಯಾವ. ಐದನೇದು ನಿಂದು. ರೊಟ್ಟಿ ಬ್ಯಾಡ. ಖರೇ ಏನದ, ಅದನ್ನ ಹಾಕು."

ಭಿಕ್ಷೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಮನೆ ನಮ್ಮ ಓಣಿಯಲ್ಲಿಲ್ಲ. ನಾನು ಕಟ್ಟೆಯಿಂದ ಇಳಿದೆ.

"ಕುದರಿ ಇಲ್ಲ ವೈನಿ. ಸೆಲ್ಯೂಟ್ ಯಾರೂ ಹೊಡೀಲಿಲ್ಲ. ನಾನೇ ಹೊಡದೆ, ಎಲ್ಲಾರಿಗೂ."

"ಕಡೀಕಿನವ?"

"ಮುದುಕ ಇದ್ದ, ಹಳಿ ಪಕ್ಕದ ಚೌಕಿಯೊಳಗ. ಅವನೊಬ್ಬನೇ ಕುರ್ಚಿ ಕೊಟ್ಟ, ಚಹಾ ಕುಡಿಸ್ದ. ಹಳಿ ದಂಡಿಗಿ ಒಂದು ಹೆಣ ಸಿಕ್ಕದ ಅಂದ. ಯಾರ ಹದ್ದಿನಾಗ ಬರ್ತದಂತ ಎರಡ ದಿನ ಅವರವರೇ ಜಗಳಾಡಿ, ಆಮ್ಯಾಲ ಎತ್ಯಾರ. ದವಾಖಾನಿ ಥಂಡಿ ಖೋಲ್ಯಾಗ ಇಟ್ಟಾರ. ಕಿಸೇದಾಗ ಒಂದ ಚೀಟಿನೂ ಇಲ್ಲ."

ಆಕೆಯ ಜೋಳಿಗೆ ಅಲುಗಲಿಲ್ಲ.

"'ಕೊರಳಾಗ ಬೆಳ್ಳಿ ಮೊಟ್ಟಿಯಂಥಾದ್ದು ಏನೋ ಅದ' ಅಂದ. 'ನಮ್ಮೊಳಗ ಯಾರಿಗೂ ಅದು ಏನಂತ ಗೊತ್ತಿಲ್ಲ. ನಿಮಗ ಗೊತ್ತದೇನು?' ಅಂತ ನನ್ನ ಮಾರಿ ನೋಡ್ದ."

"ನೀ ಏನಂದಿ?"

ನನ್ನ ಹಿಂದಿ, ನನ್ನ ಮರಾಠಿ, ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರ ಬಾಯಿ ಮುಚ್ಚಿಸುವ ನನ್ನ ಗಂಟಲು. ಒಂದೂ ಉಪಯೋಗಕ್ಕೆ ಬರಲಿಲ್ಲ.

"ಗೊತ್ತಿಲ್ಲ ಅಂದೆ ವೈನಿ. ನಮ್ಮವರಲ್ಲ ಅಂದೆ. ಖೋಲಿ ಬಾಗಲತನಕ ಸೈತ ಹೋಗಲಿಲ್ಲ. ಹೂಂ ಅಂದಿದ್ರ, ಬಂದು ನಿನ್ನ ಮುಂದ ಹೇಳಬೇಕಾಗ್ತಿತ್ತು. ಸೀದಾ ಬಂದು ರೈಲ್ ಹತ್ತಿದೆ. ನಾ ಈ ಮೊದಲು ದಿಲ್ಲಿ ನೋಡಿದಾಂವ ಸೈತ ಅಲ್ಲ."

ಓಣಿಯ ತುದಿಯಲ್ಲಿ ಯಾರದೋ ಮನೆ ಮುಂದೆ ಯಾತ್ರಿಕರು ಭಿಕ್ಷೆ ಕೂಗುತ್ತಿದ್ದರು. ಸುಭದ್ರಾಬಾಯಿಯ ಎಡಗೈ ಸೆರಗಿನೊಳಗೆ ಹೋಯಿತು. ತನ್ನ ಕೊರಳ ಕರಡಿಗೆಯನ್ನು ಆಕೆ ಮುಷ್ಟಿಯಲ್ಲಿ ಹಿಡಿದುಕೊಂಡದ್ದು ಬಟ್ಟೆಯ ಮೇಲಿಂದಲೂ ಕಾಣುತ್ತಿತ್ತು.

"ಯಾರೂ ಬರದಿದ್ರ ಸುಟ್ಟುಬಿಡ್ತಾರೇನು?"

"ಹೂಂ ವೈನಿ. ಸ್ವಲ್ಪ ದಿನ ಇಡ್ತಾರಂತ."

"ನಮ್ಮೊಳಗ ಸುಡಂಗಿಲ್ಲೋ ತಮ್ಮಾ. ಕೈಯಾಗ ಲಿಂಗ ಇಟ್ಟು ಮಣ್ಣ ಕೊಡಬೇಕು."

"ಗೊತ್ತದ."

"ಗೊತ್ತಿಲ್ಲ ಅಂದಿದ್ಯಲ್ಲ."

ಆಕೆ ಜೋಳಿಗೆಯನ್ನು ಕೆಳಗಿಳಿಸಿ, ನಾಲ್ಕು ಮನೆಯ ರೊಟ್ಟಿ ಒಳಗೆ ಸರಿಯಾಗಿ ಕೂರುವಂತೆ ಒಮ್ಮೆ ಅಲುಗಿಸಿ, ಬಾಯಿಗೆ ಗಂಟು ಹಾಕಿದಳು. ದಾರಿಗೆ ಬುತ್ತಿ ಕಟ್ಟುವವರು ಹಾಕುವಂಥ ಗಂಟು.

"ಐದಾದವು," ಎಂದಳು. "ಚಪ್ಪಲಿ ಹಾಕ್ಕೋ."