ಸಕ್ಕರೆಯಿಲ್ಲದ ಬಾದಾಮಿ ಬಿಸ್ಕತ್ತು

ನಮ್ಮ ಕಡೆಯವರಿಗೆ ಅಕ್ಕಿ ರೊಟ್ಟಿ ಬಿಡಿ ಅನ್ನುವುದೂ ಉಸಿರಾಡುವುದು ಬಿಡಿ ಅನ್ನುವುದೂ ಒಂದೇ. ಚಿಕ್ಕಮಗಳೂರಿನ ಡಾಕ್ಟರು ನನ್ನ ಗಂಡ ಶಶಿಧರ್ ಅವರಿಗೆ ಅದನ್ನೇ ಹೇಳಿದರು. ರೊಟ್ಟಿ, ಕಡುಬು, ಅನ್ನ ಎಲ್ಲ ಕಡಿಮೆ. ಸಿಹಿ ಪೂರ್ತಿ ಬಂದ್. ಬಲಗಾಲಿನ ಬೆರಳ ಸಂದಿಯಲ್ಲಿ ರಕ್ತ ಹೀರುವ ಇಂಬಳ ಕಚ್ಚಿದ ಜಾಗವನ್ನು ಇವರು ಕೆರೆದು ಕೆರೆದು ಹುಣ್ಣು ಮಾಡಿಕೊಂಡಿದ್ದರು. ತೋಟಕ್ಕೆ ಹೋದವರಿಗೆ ಯಾರಿಗೆ ಇಂಬಳ ಕಚ್ಚುವುದಿಲ್ಲ? ಸಕ್ಕರೆ ಕಾಯಿಲೆಯವರಿಗೆ ಮಾತ್ರ ಅದು ಮಾಯುವುದಿಲ್ಲವಂತೆ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕು, ಆಮೇಲೆ ಪಾದ ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದರು. ಇವರ ಮುಖ ನೋಡಿ ಹೇಳಬೇಕಿತ್ತು. ಆದರೆ ಗಂಡಸರ ಕಾಯಿಲೆಗೆಲ್ಲ ಹೆಂಗಸರೇ ಜವಾಬ್ದಾರರು ತಾನೇ.

ಇದು ಎರಡು ಸಾವಿರದ ನಾಲ್ಕರ ಮಾತು. ಇವರಿಗೆ ಸಂಜೆ ಕಾಫಿಯ ಜೊತೆ ಏನಾದರೂ ಸಿಹಿ ಬಾಯಿಗೆ ಬೀಳಲೇಬೇಕು. ಬೀಳದಿದ್ದರೆ ಮನೆಯೊಳಗೆ ಯಾರೂ ಓಡಾಡುವ ಹಾಗಿಲ್ಲ, ಸಿಕ್ಕಿದವರ ಮೇಲೆಲ್ಲ ಹಾರಾಟ. ಸಹಿಸಿ ಸಹಿಸಿ ಸಾಕಾಗಿ ಬಾಳೂರಿನಾಚೆಯ ದೊಡ್ಡ ಎಸ್ಟೇಟಿನ ದಿವ್ಯಾಳ ಹತ್ತಿರ ಹೋದೆ. ಅವರ ಬಂಗಲೆಗೆ ಕಾಫಿ ಕೊಳ್ಳಲು ಇಟಲಿಯವರು ಬರುತ್ತಿದ್ದರು. ಅವರಲ್ಲೊಬ್ಬಾಕೆ ತಮ್ಮ ಊರಿನ ಬಾದಾಮಿ ಬಿಸ್ಕತ್ತು ಮಾಡಿ ತೋರಿಸಿ ಹೋಗಿದ್ದಳಂತೆ. ಮೈದಾ ಇಲ್ಲ, ಬೆಣ್ಣೆ ಇಲ್ಲ, ಬರೀ ಬಾದಾಮಿ ಪುಡಿ, ಮೊಟ್ಟೆಯ ಬಿಳಿ, ಸಕ್ಕರೆ. ದಿವ್ಯಾಳ ಅಪ್ಪನಿಗೂ ಇದೇ ಕಾಯಿಲೆ. ಅದಕ್ಕೆ ಅವಳು ಸಕ್ಕರೆ ತೆಗೆದು ಔಷಧಿ ಅಂಗಡಿಯ ಸಿಹಿಪುಡಿ ಹಾಕಿ ಮಾಡುತ್ತಿದ್ದಳು.

ಕಲಿತುಕೊಂಡು ಬಂದೆ. ಬಾದಾಮಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸಿಪ್ಪೆ ಸುಲಿದು, ಬಟ್ಟೆಯ ಮೇಲೆ ಹರವಿ ಒಣಗಿಸುವುದು. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮೊಟ್ಟೆಯ ಬಿಳಿಯನ್ನು ನೊರೆ ಬರುವಷ್ಟು ಕಡೆದು, ಡಬ್ಬದಲ್ಲಿ ತುಂಬಿಟ್ಟ ಬಾದಾಮಿ ಪುಡಿ, ಸಿಹಿಪುಡಿ ಸೇರಿಸಿ, ನಿಂಬೆಯ ಸಿಪ್ಪೆ ತುರಿದು ಹಾಕಿ, ಉಂಡೆ ಕಟ್ಟಿ ನಮ್ಮ ದುಂಡಗಿನ ಅಲ್ಯೂಮಿನಿಯಂ ಓವನ್ನಿನಲ್ಲಿ ಇಡುವುದು. ಕರೆಂಟು ಹೋದರೆ ದೇವರೇ ಗತಿ. ನಮ್ಮತ್ತೆ ನಂಜಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಸಿಹಿ ಹಾಕದ ಸಿಹಿತಿಂಡಿ ಯಾವ ಮನೆಯಲ್ಲಿ ಮಾಡುತ್ತಾರೆ ಎಂದು ಒಮ್ಮೆ ಕೇಳಿದರು. ನಮ್ಮ ಮನೆಯಲ್ಲಿ ಎಂದೆ.

ಮೊದಮೊದಲು ಚೆನ್ನಾಗಿ ಬರಲಿಲ್ಲ. ಬೆಳ್ಳಗೆ, ಮೆತ್ತಗೆ, ಕೊನೆಗೊಂದು ಕಹಿ. ಸಾಬೂನು ತಿಂದ ಹಾಗಾಗುತ್ತದೆ ಎಂದು ಇವರು ಅರ್ಧ ಕಚ್ಚಿ ತಟ್ಟೆಯಲ್ಲಿಟ್ಟರು. ಬಾದಾಮಿ ಸುಲಿದು ಸುಲಿದು ನನ್ನ ಉಗುರು ಸವೆದಿತ್ತು, ಇವರಿಗೆ ಸಾಬೂನು. ಆದರೂ ಬಿಡಲಿಲ್ಲ. ಬೆರಳು ಉಳಿಯಬೇಕಲ್ಲ.

ಹಾಗೇ ಮಾಡುತ್ತಾ ಒಂದು ದಿನ ನೋಡುತ್ತೇನೆ, ಬಿಸ್ಕತ್ತುಗಳ ನೆತ್ತಿ ಚಂದವಾಗಿ ಬಿರಿದಿದೆ, ಅಂಚು ಕೆಂಪಗಾಗಿದೆ. ಇವರು ಒಂದು ತಿಂದರು. ಇನ್ನೊಂದು ತೆಗೆದುಕೊಂಡರು. ಅಂತೂ ನಿನ್ನ ಕೈಗೆ ಹದ ಸಿಕ್ಕಿತು ಅಂದರು. ಮದುವೆಯಾದ ಮೇಲೆ ಇವರ ಬಾಯಲ್ಲಿ ನನ್ನ ಅಡುಗೆಯ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು ಅದು. ನನಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದಿನಿಂದ ದಿನಾ ಬಿಸ್ಕತ್ತು. ದುಬಾರಿ ಬಾದಾಮಿ, ಎಲ್ಲ ಇವರಿಗೇ ಇರಲಿ ಎಂದು ನಾನು ಒಂದನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಮನೆಯಲ್ಲಿ ಹಾರಾಟ ನಿಂತಿತು, ಅತ್ತೆಯ ಗೊಣಗಾಟವೂ ನಿಂತಿತು.

ಮುಂದಿನ ಸಲ ರಕ್ತ ಪರೀಕ್ಷೆಗೆ ಹೋದಾಗ ಸಕ್ಕರೆ ಏರಿತ್ತು. ಅದರ ಮುಂದಿನ ಸಲ ಇನ್ನೂ ಏರಿತ್ತು. ಹುಣ್ಣು ಕಪ್ಪಗಾಗುತ್ತಿತ್ತು. ಮನೆಯಲ್ಲಿ ಏನು ಕೊಡುತ್ತೀರಿ ಎಂದು ಡಾಕ್ಟರು ನನ್ನನ್ನೇ ಗದರಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಇಷ್ಟು ಪಥ್ಯ ಮಾಡಿ ಹಾಕಿದರೆ ಈ ಮನುಷ್ಯ ಮೂಡಿಗೆರೆಯ ಬೇಕರಿಯಲ್ಲಿ ಮುಕ್ಕುತ್ತಿದ್ದಾರೆ ಎಂದೇ ತಿಳಿದೆ. ಅಂಗಿಯ ಜೇಬು ತಡಕಿದೆ. ಜೀಪು ಓಡಿಸುವ ಖಲೀಲನನ್ನು ಹಿಡಿದು ವಿಚಾರಿಸಿದೆ. ಬೇಕರಿ ಮುಂದೆ ಜೀಪೇ ನಿಲ್ಲಿಸಿಲ್ಲ ಎಂದು ಅವನು ಹೇಳಿದರೆ, ನೀವಿಬ್ಬರೂ ಒಂದೇ ಎಂದು ಅವನಿಗೂ ಬೈದೆ. ಕೊನೆಗೆ ಇವರು ತಾಯಿಯ ತಲೆಯ ಮೇಲೆ ಕೈಯಿಟ್ಟು, ಹೊರಗೆ ಒಂದು ಚೂರೂ ಸಿಹಿ ತಿಂದಿಲ್ಲವೆಂದು ಆಣೆ ಮಾಡಿದರು. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ನಾನು ನಂಬಲಿಲ್ಲ.

ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಎರಡು ಬೆರಳು ತೆಗೆದರು.

ಆಸ್ಪತ್ರೆಯಿಂದ ಬಂದ ಮೇಲೆ ದಿವ್ಯಾ ನೋಡಲು ಬಂದಳು. ಕಾಫಿಯ ಜೊತೆ ಬಿಸ್ಕತ್ತಿನ ತಟ್ಟೆ ಇಟ್ಟೆ, ಕಲಿಸಿದವಳಿಗೆ ತೋರಿಸಬೇಕಲ್ಲ. ಅವಳು ಕಚ್ಚಿದವಳು ಅಗಿಯುವುದನ್ನೇ ನಿಲ್ಲಿಸಿದಳು.

"ಭಾಗಕ್ಕ, ಇದಕ್ಕೆ ಸಕ್ಕರೆ ಹಾಕಿದೀರಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ಸಿಹಿಪುಡಿ ಹಾಕಿದರೆ ನೆತ್ತಿ ಹೀಗೆ ಬಿರಿಯುವುದಿಲ್ಲ, ಹೀಗೆ ಗರಿಗರಿಯೂ ಆಗುವುದಿಲ್ಲ, ಬಿಸಿಗೆ ಅದರ ಸಿಹಿಯೂ ಅರ್ಧ ಹೋಗುತ್ತದೆ, ನಮ್ಮಪ್ಪ ಇವತ್ತಿಗೂ ಸಪ್ಪೆಯನ್ನೇ ತಿನ್ನುತ್ತಿದ್ದಾರೆ ಅಂದಳು. ನಾನು ಎದ್ದು ಹೋಗಿ ಬಾದಾಮಿ ಪುಡಿಯ ಡಬ್ಬ ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಸಿಹಿ. ಯಾರೋ ಸಕ್ಕರೆಯನ್ನು ನುಣ್ಣಗೆ ಪುಡಿ ಮಾಡಿ ಬೆರೆಸಿದ್ದರು. ಯಾರೋ ಏನು, ಮನೆಯಲ್ಲಿ ಇರುವುದು ನಾವು ಮೂರು ಜನ.

ನಾನು ಡಬ್ಬ ಹಿಡಿದು ಬಂದಾಗ ಅತ್ತೆ ಮುಚ್ಚಿಡಲಿಲ್ಲ. ತಮ್ಮ ಗಂಡ ಸತ್ತಾಗ ಸೂತಕದ ದಿನಗಳಲ್ಲಿ ಈ ಮನೆಯಲ್ಲಿ ಸಿಹಿ ಮಾಡಿರಲಿಲ್ಲವಂತೆ, ಎಲ್ಲ ಸಪ್ಪೆಯಂತೆ. ಅದಾದ ಮೇಲೆ ಸಪ್ಪೆ ತಿಂಡಿ ಮಾಡಿದ್ದು ಈಗಲೇ ಅಂತೆ.

"ದಿನಾ ಸಪ್ಪೆ ತಿಂಡಿ ಮಾಡಿ ಇಡೋದು ಸಾವಿನ ಮನೇಲಿ ಕಣೆ. ಇರೋನು ಒಬ್ಬ ಮಗ. ಅಪಶಕುನ ಆಗಬಾರ್ದು ಅಂತ ಒಂದು ಹಿಡಿ ಹಾಕ್ತಿದ್ದೆ."

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ಮಗನ ಬೆರಳು ತಿಂದ ತಾಯಿ ಎಂದೂ ಅಂದೆ. ದಿವ್ಯಾ ಯಾವಾಗ ಚಪ್ಪಲಿ ಮೆಟ್ಟಿಕೊಂಡು ಹೋದಳೋ ಗೊತ್ತಾಗಲಿಲ್ಲ. ಅತ್ತೆ ಅಳುತ್ತಿದ್ದರು. ಇವರು ಕಟ್ಟು ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಇಷ್ಟು ಕೂಗಾಡಿದರೂ ಇವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಮೊದ್ಲ ದಿನಾನೇ ಗೊತ್ತಾಯ್ತು. ಸಕ್ಕರೆ ರುಚಿ ನಂಗೆ ತಿಳಿಯಲ್ವ?" ಅಂದರು. ಕಿಟಕಿಯಿಂದ ಮುಖ ತಿರುಗಿಸದೆ, "ಅವ್ವ ಖುಷೀಲಿದ್ರು. ನೀನೂ ಖುಷೀಲಿದ್ದೆ ಮಾರಾಯ್ತಿ" ಅಂದರು.

ಎಂಥ ಮಾತು! ನಮ್ಮಿಬ್ಬರ ಖುಷಿಗಾಗಿ ತಿಂದರಂತೆ. ಕಳ್ಳನ ಹಾಗೆ ಜೇಬು ತಡಕಿಸಿಕೊಂಡು, ಖಲೀಲನಿಗೆ ಬೈಸಿ, ಹೆತ್ತವಳ ತಲೆ ಮುಟ್ಟಿ ಆಣೆ ಮಾಡಿ, ಇಷ್ಟೆಲ್ಲ ನಮ್ಮ ಖುಷಿಗೆ. ನನಗೆ ಅತ್ತೆಯ ಮೇಲಿದ್ದ ಸಿಟ್ಟೆಲ್ಲ ಸರ್ರನೆ ಇಳಿದುಹೋಯಿತು. ಅದರ ಜಾಗದಲ್ಲಿ ಈ ಮನುಷ್ಯನ ಮೇಲೆ ಹೇಸಿಗೆ ಹುಟ್ಟಿತು.

ಅತ್ತೆ ಅಳು ನಿಲ್ಲಿಸಿ ಮಗನ ಹತ್ತಿರ ಬಂದರು.

"ನಾನು ತಿಳೀದೆ ಹಾಕ್ದೆ. ನೀನು ತಿಳಿದೂ ತಿಳಿದೂ ತಿಂದ್ಯೇನೋ?"

ಇವರು ಪಕ್ಕದಲ್ಲಿದ್ದ ತಟ್ಟೆಗೆ ಕೈ ಹಾಕಿ, ನಮ್ಮಿಬ್ಬರ ಎದುರಿಗೇ ಒಂದು ಬಿಸ್ಕತ್ತು ತೆಗೆದುಕೊಂಡರು. ಅತ್ತೆ ಬಗ್ಗಿ ಮಗನ ಕೈ ಹಿಡಿದು ಎಳೆದರು. ನಾನು ಹಿಡಿಯಲು ಹೋಗಲಿಲ್ಲ.