ತಾಯಿ ಕಡೆಯ ವೀಳ್ಯ

ಕೊಳ್ಳೇಗಾಲದ ಆ ಕಚೇರಿಯ ಜಗುಲಿಯಲ್ಲಿ ಚನ್ನಾಜಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಳಗೆ ಮಕ್ಕಳ ಕಲ್ಯಾಣ ಸಮಿತಿಯವರು ಒಂದೊಂದೇ ಹೆಸರು ಕರೆಯುತ್ತಿದ್ದರು. ಮೊಮ್ಮಗಳು ಕೋಮಲ ದೊಡ್ಡಪ್ಪನ ಜೊತೆ ಅಜ್ಜೀಪುರಕ್ಕೆ ಹೋಗಬೇಕೋ, ಇಲ್ಲೇ ಉಳಿದು ಓದಬೇಕೋ ಎಂಬುದು ಆ ಬಾಗಿಲಿನಾಚೆ ತೀರ್ಮಾನವಾಗಬೇಕಿತ್ತು. ಅಜ್ಜೀಪುರಕ್ಕೆ ಹೋದರೆ ಹದಿನಾರರ ಆ ಹುಡುಗಿಗೆ ಮದುವೆ. ಮುದುಕಿ ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಸೆರಗಿನೊಳಗೇ ಹಿಡಿದುಕೊಂಡು, "ಮಾದಪ್ಪಾ, ಒಳಗೆ ನನ್ನ ನಾಲಗೆ ಕೈಕೊಡದಂಗೆ ನೋಡ್ಕೋ," ಎಂದು ಬೇಡಿಕೊಂಡಳು.

ಕೋಮಲಳ ತಾಯಿ ಪವಿತ್ರ, ಚನ್ನಾಜಮ್ಮನ ಒಬ್ಬಳೇ ಮಗಳು, ಹೋದ ಕಾರ್ತಿಕದಲ್ಲಿ ಲಿಂಗೈಕ್ಯಳಾಗಿದ್ದಳು. ತಂದೆ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದ. ಹುಡುಗಿಯ ಹೊಣೆ ದೊಡ್ಡಪ್ಪ ಬಸವೇಶನ ಮೇಲೆ ಬಿತ್ತು. ಅವನು ಕೆಟ್ಟವನಲ್ಲ, ಹೆಣ್ಣುಮಗುವೆಂದರೆ ಬೇಗ ದಡ ಸೇರಿಸಬೇಕಾದ ಹೊರೆ ಎಂದು ತಿಳಿದವನು. ಬಂಡಳ್ಳಿಯ ದೊಡ್ಡಸಿದ್ದಯ್ಯನ ಮಗನಿಗೆ ಅವಳನ್ನು ಗೊತ್ತುಮಾಡಿದ. ಹೆಣ್ಣು ನೋಡಲು ಬಂದ ದಿನ, ತಾಯಿ ಕಡೆಯ ಹಿರಿಯಳೆಂದು ವೀಳ್ಯದ ತಟ್ಟೆಯನ್ನು ಚನ್ನಾಜಮ್ಮನ ಮುಂದೆ ಹಿಡಿದರು. ಶಿವನ ಹೆಸರು ಹೇಳಿ ಕೊಟ್ಟದ್ದನ್ನು ನೂಕಿದರೆ ಪಾಪವೆಂದು ಅಂಜಿ ಆಕೆ ತೆಗೆದುಕೊಂಡಳು. ಬೇಡವೆಂಬುದನ್ನು ಆಮೇಲೆ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡಿದ್ದಳು. ಆದರೆ ಅಜ್ಜೀಪುರ, ಬಂಡಳ್ಳಿಯ ಕಡೆ ತಾಯಿ ಕಡೆಯವರು ವೀಳ್ಯ ಹಿಡಿದರೆಂದರೆ ಮಾತು ಕೊಟ್ಟಂತೆ. ಆಮೇಲಿನ 'ಬೇಡ' ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಕೋಮಲಳೇ ಕಾಲೇಜಿನಿಂದ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. ಅಧಿಕಾರಿಗಳು ಬಂದು, ಆ ವಯಸ್ಸಿನ ಹುಡುಗಿಯರಿಗೆ ಇಲ್ಲೆಲ್ಲೂ ಜಾಗವಿಲ್ಲವೆಂದು ದೂರದ ಬಾಲಮಂದಿರಕ್ಕೆ ಕರೆದೊಯ್ದರು. ಅಂದಿನಿಂದ ಓದು ನಿಂತಿತ್ತು.

"ಏನತ್ತೆ, ಮೊಮ್ಮಗಳ್ನ ಸರ್ಕಾರಕ್ಕೆ ದತ್ತು ಕೊಟ್ಬುಟ್ರಾ?" ಬಸವೇಶ ಬಂದು ಕಂಬಕ್ಕೆ ಒರಗಿದ.

"ನೀನು ನೆಟ್ಟಗೆ ಸಾಕಿದ್ರೆ ಸರ್ಕಾರ ಯಾಕಪ್ಪ ಬತ್ತಿತ್ತು?"

"ಒಳ್ಳೆ ಮನೆ ಸೇರ್ಸೋದು ಸಾಕೋದಲ್ವಾ?"

ಅವನ ಹಿಂದೆಯೇ ಬಂದಿದ್ದ ದೊಡ್ಡಸಿದ್ದಯ್ಯ ನಕ್ಕ. "ಬುಡಿ ಬಸವೇಶಪ್ಪ. ವೀಳ್ಯ ಇಡ್ದೋರು ಒಳಗೆ ಏನಂತಾರೆ, ಕೇಳನ."

ಅಷ್ಟರಲ್ಲಿ ಕೋಮಲಳ ಹೆಸರು ಕರೆದರು. ಎಲ್ಲರೂ ಒಳಗೆ ಹೋದಾಗ, ಬಾಲಮಂದಿರದಿಂದ ಕರೆತಂದಿದ್ದ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

ಸಮಿತಿಯ ಮೇಡಂ ಭವ್ಯಶ್ರೀ ಮೆತ್ತಗೇ ಕೇಳಿದರು. "ಅಜ್ಜಿ, ನೀವೇ ಕರೆದುಕೊಂಡು ಹೋಗಬಹುದಲ್ಲ?"

"ನಾನಿರೋದು ಮಾಂಬಳ್ಳೀಲಿ, ಮಗನ ಮನೇಲಿ, ತಾಯಿ. ಮಗ ಬಸವೇಶಪ್ಪನ ಜೊತೇಲಿ ಅರಿಶಿನದ ಯಾಪಾರ ಮಾಡ್ತಾನೆ. ನಾನು ಗುಡಿಗೆ ಓಗಿ ಬರೋ ಒತ್ಗೆ ಇವಳ್ನ ಅಜ್ಜೀಪುರಕ್ಕೆ ಬುಟ್ಟು ಬಂದಿರ್ತಾನೆ. ಆಸ್ಟೆಲಿಗೆ ಸೇರ್ಸನ ಅಂದ್ರೆ ದೊಡ್ಡಪ್ಪನ ಸೈನು ಬೇಕಂತೆ. ಕೂಸುಗಳಿಗೆ ಅಂಗನವಾಡಿ ಮಾಡಿದ್ದೀರಿ, ನನ್ನಂಥೋರಿಗೆ ಪಿಂಚಣಿ ಕೊಡ್ತೀರಿ. ನಡುವಿನ ಈ ವಯಸ್ನೋರು ಎಲ್ಲಿಗೋಗಬೇಕು? ಆ ಸೈನು ನೀವೇ ಆಕಿ."

ಬಸವೇಶ ಕೈಮುಗಿದ. "ಹದಿನೆಂಟು ತುಂಬೋಗಂಟ ಮದುವೆ ಮಾಡಲ್ಲ ಅಂತ ಬರ್ಕೊಡ್ತೀನಿ ಮೇಡಂ. ಮಗು ಮನೆಗೆ ಬರ್ಲಿ. ಈ ಸಂಬಂಧ ಒಪ್ಪಿದ್ದೂ ಇವ್ರೇ. ವೀಳ್ಯ ತಕಂಡಿಲ್ಲ ಅನ್ಲಿ!"

ಕೋಮಲ ತಲೆಯೆತ್ತಿದಳು. ಆ ದಿನ ಅವಳು ಅಡುಗೆಮನೆಯಲ್ಲಿದ್ದಳು. ಇದು ಅವಳಿಗೆ ಗೊತ್ತೇ ಇರಲಿಲ್ಲ. "ನಿಜವಾ ಅಜ್ಜಿ?"

ಬಸವೇಶನ ಮಾತನ್ನು ಬರೆಸಿಕೊಳ್ಳಲು ಭವ್ಯಶ್ರೀ ಪೆನ್ನು ಕೈಗೆತ್ತಿಕೊಂಡರು. ಬರೆದುಕೊಟ್ಟದ್ದು ಕಾಗದದಲ್ಲಿ ಇರುತ್ತದೆ, ವೀಳ್ಯ ಊರಿನ ಬಾಯಲ್ಲಿ ಇರುತ್ತದೆ. ಯಾವುದೋ ಬೆಟ್ಟದ ಗುಡಿಯಲ್ಲಿ ಕೊರಳಿಗೆ ತಾಳಿ ಬಿದ್ದುಹೋದ ಮೇಲೆ ಯಾರು ಬಿಚ್ಚುತ್ತಾರೆ? ಚನ್ನಾಜಮ್ಮನ ತಲೆಯಲ್ಲಿ ಓಡಿದ್ದು ಇದು.

"ನಿಜ ಕಣವ್ವ," ಎಂದವಳೇ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದಳು. ಎರಡು ಎಲೆ, ಒಂದು ಅಡಿಕೆ ತೆಗೆದು ದೊಡ್ಡಸಿದ್ದಯ್ಯನ ಮುಂದೆ ಹಿಡಿದಳು. "ಸಿದ್ದಯ್ಯನೋರೇ, ಶಿವ ನನ್ನ ಮನ್ನಿಸ್ಲಿ. ತಕಂಡ ಕೈಲೇ ಕೊಡ್ತಾ ಇವ್ನಿ. ನಿಮ್ಮ ವೀಳ್ಯ ನಿಮಗೆ."

ಅವನ ಮುಖ ಕಪ್ಪಿಟ್ಟಿತು. ಎಲೆ ಮುಟ್ಟಲಿಲ್ಲ. "ವೀಳ್ಯ ತಿರುಗ್ಸಿದ ಮನೆ ಹೆಣ್ಣು ನಮಗೆ ಬ್ಯಾಡ ಕಣ್ರಿ," ಎಂದು ಎದ್ದೇ ಹೋದ.

"ಇನ್ಮೇಲೆ ಯಾವ ಶುಭಕಾರ್ಯದಲ್ಲೂ ನಿಮ್ಮ ಈ ಕೈಯಿಂದ ಯಾರೂ ಎಲೆ ತಕಳಲ್ಲ ಅತ್ತೆ," ಎಂದ ಬಸವೇಶ.

"ಗೊತ್ತು ಕಣಪ್ಪ."

ಭವ್ಯಶ್ರೀ ಆದೇಶ ಬರೆದರು. ಈ ವರ್ಷದ ಪರೀಕ್ಷೆ ಮುಗಿಯುವವರೆಗೆ ಕೋಮಲ ಕೊಳ್ಳೇಗಾಲದ ಹಾಸ್ಟೆಲಿನಲ್ಲಿ ಇರಲಿ, ಪೋಷಕರ ಸಹಿ ಸಮಿತಿಯದು. ಹುಡುಗಿ ಅಜ್ಜಿಯ ತೋಳಿಗೆ ಹಣೆಯೊತ್ತಿ ಕೂತಳು.

"ಪರೀಕ್ಷೆ ಆದ್ಮೇಲೆ, ತಾಯಿ?" ಚನ್ನಾಜಮ್ಮ ಕೇಳಿದಳು.

"ಇಂಥ ಮಕ್ಕಳಿಗೆ ಈ ತಾಲ್ಲೂಕಿನಲ್ಲಿ ಒಂದು ಮನೆ ಬೇಕು ಎಂದು ಮೇಲಿನವರಿಗೆ ಬರೆಯುತ್ತಲೇ ಇದ್ದೇವೆ ಅಜ್ಜಿ."

"ಬರೆದ್ರೆ ಆಗೋದಾಗಿದ್ರೆ ಆಗ್ತಿತ್ತು. ನಿಮ್ಮ ಮೇಲಿನೋರು ಎಲ್ಲಿ ಕೂರ್ತಾರೆ? ಯಾವ ಬಸ್ ಅತ್ತಬೇಕು?"

ಅಷ್ಟರಲ್ಲಿ ಮುಂದಿನ ಹುಡುಗಿಯ ಹೆಸರು ಕರೆದರು. ಚನ್ನಾಜಮ್ಮ ಏಳಲಿಲ್ಲ.