ಬಾಯಿ ಮುಕ್ಕಳಿಸಿ ಕೊಟ್ಟಿದ್ದು

“ಕೆಮ್ಮೋದಕ್ಕೂ ಕೂಲಿ ಕೊಡ್ಬೇಕೇನೇ ಮುಂಡೆ?” ಎಂದ ಮೇಸ್ತ್ರಿ. ಅಕ್ಕನ ಗಂಡ ಸತ್ತು ನಾಲ್ಕು ವರ್ಷ. ಬೈಗುಳ ಸುಳ್ಳೇನಲ್ಲವಲ್ಲ, ಅವಳು ತಲೆ ತಗ್ಗಿಸಿ ಚಿಂದಿ ಆರಿಸತೊಡಗಿದಳು.

ನಮ್ಮದು ಹಳೇಬಟ್ಟೆ ಗೋದಾಮು. ಹದಿನಾಲ್ಕು ಹೆಂಗಸರು ನೆಲದ ಮೇಲೆ ಕೂತು ಚಿಂದಿಯನ್ನು ಬಣ್ಣ ನೋಡಿ ಬೇರೆ ಮಾಡುತ್ತೇವೆ. ಬಿಳಿಯದು ಬಿಳಿ ರಾಶಿಗೆ, ಕೆಂಪು ಕೆಂಪಿಗೆ. ಧೂಳಿಗೆ ಎಲ್ಲರೂ ಕೆಮ್ಮುತ್ತೇವೆ. ಕೆಮ್ಮದವಳು ಹೊಸಬಳು, ಅಷ್ಟೇ. ಹಾಗಾಗಿ ಅಕ್ಕ ಎರಡು ತಿಂಗಳು ಕೆಮ್ಮಿದರೂ, ಸಂಜೆಯಾದರೆ ಮೈ ಸುಡುತ್ತಿದ್ದರೂ ಅದನ್ನು ಕಾಯಿಲೆ ಎಂದುಕೊಂಡವರಿಲ್ಲ. ನಾನೂ ಅಂದುಕೊಳ್ಳಲಿಲ್ಲ.

ಅಕ್ಕನ ರವಿಕೆ ಸಡಿಲವಾಗಿ ಹೆಗಲಿಂದ ಜಾರತೊಡಗಿದ ಮೇಲೆ ಒಂದು ದಿನದ ಕೆಲಸ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋದೆವು. ನರ್ಸಮ್ಮ ತಲೆಯೆತ್ತದೆ ಒಂದು ಡಬ್ಬಿ ತಳ್ಳಿದಳು. “ಇದ್ರಲ್ಲಿ ಉಗಿದು ತಾ.”

ಅಕ್ಕ ನಲ್ಲಿಯ ಹತ್ತಿರ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದಳು. ಎದೆಯಿಂದ ಬಂದದ್ದನ್ನೆಲ್ಲ ಚರಂಡಿಗೆ ಉಗಿದು, ಆಮೇಲೆ ನೀರಿನಂಥ ಎಂಜಲನ್ನು ಡಬ್ಬಿಗೆ ಬಿಟ್ಟಳು.

“ದೊಡ್ಡೋರು ಕೈಯಲ್ಲಿ ಹಿಡಿದು ನೋಡೋದು ಕಣೇ. ಗಲೀಜು ಕೊಡಕ್ಕಾಗುತ್ತಾ?”

ಸರಿ ಎನ್ನಿಸಿತು. ನಾನೇ ಮುಚ್ಚಳ ಒರೆಸಿ ಕೊಟ್ಟೆ.

ಚೀಟಿ ಬಂತು. ಏನೂ ಇಲ್ಲ ಎಂದಿತ್ತು. ಮೇಸ್ತ್ರಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. “ಮೈಗಳ್ಳಿ ಅಂತ ಡಾಕ್ಟ್ರೇ ಬರ್ಕೊಟ್ಟಿದ್ದಾರೆ. ಇನ್ಮೇಲೆ ಕೆಮ್ಮಿದ್ರೆ ಗೇಟಿನಾಚೆ.”

ನಾನು ಎದ್ದೆ. ಅಕ್ಕ ಸೆರಗು ಹಿಡಿದು ಕೂರಿಸಿದಳು. “ಸುಮ್ನಿರೇ. ಬಡವನ ಕೋಪ ದವಡೆಗೆ ಮೂಲ.”

ಆಮೇಲೆ ಅವಳು ಸದ್ದಾಗದಂತೆ ಚಿಂದಿಯನ್ನೇ ಬಾಯಿಗೊತ್ತಿ ಕೆಮ್ಮುತ್ತಿದ್ದಳು. ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಮೇಸ್ತ್ರಿ ಕೆಂಪು ರಾಶಿಗೆ ಕೈ ಹಾಕಿದ. ಕೈ ಒದ್ದೆಯಾಯಿತು. ಬಿಳಿ ಚಿಂದಿಗೆ ರಕ್ತ ಬಿದ್ದರೆ ಅಕ್ಕ ಅದನ್ನು ಕೆಂಪಿಗೆ ಹಾಕುತ್ತಿದ್ದಳು. ಬಣ್ಣ ನೋಡಿಯೇ ಹಾಕಿದ್ದಾಳೆ, ಕೆಲಸದಲ್ಲಿ ತಪ್ಪಿಲ್ಲ.

“ಮಾಲು ಕೆಡಿಸ್ತೀಯೇನೇ ಹಡಬೆ? ತೊಲಗು.” ಆ ಒದ್ದೆ ಚಿಂದಿಯನ್ನು ಅವಳ ಮುಖಕ್ಕೇ ಎಸೆದ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. “ಟೀಬಿ. ಎಡಗಡೆ ಶ್ವಾಸಕೋಶ ಮುಗಿದೇಹೋಗಿದೆ. ಇಷ್ಟು ದಿನ ಏನು ಮಾಡ್ತಿದ್ರಿ?”

“ನೀವೇ ಏನೂ ಇಲ್ಲ ಅಂತ ಚೀಟಿ ಕೊಟ್ರಿ,” ಎಂದೆ.

“ಎಂಜಲು ಕೊಟ್ರೆ ಏನು ಸಿಗುತ್ತೆ? ಎದೆಯಿಂದ ಕ್ಯಾಕರಿಸಿ ಕಫ ಕೊಡ್ಬೇಕು. ಅಷ್ಟೂ ಗೊತ್ತಾಗಲ್ವಾ?”

“ತಪ್ಪಾಯ್ತು ಸ್ವಾಮಿ,” ಎಂದಳು ಅಕ್ಕ. ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ.

ಅದಾದ ಒಂಬತ್ತನೆಯ ದಿನ ಅಕ್ಕನನ್ನು ಮಣ್ಣು ಮಾಡಿದೆವು. ಮರುದಿನ ಉಳಿದ ಹದಿಮೂರು ಜನ ಗೋದಾಮಿಗೆ ಹೋಗಲಿಲ್ಲ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆವು.

“ಹದಿಮೂರು ಡಬ್ಬಿ ಕೊಡಿ,” ಎಂದೆ.

ನರ್ಸಮ್ಮ ಈ ಸಲ ತಲೆಯೆತ್ತಿದಳು. “ಸಂತೆನಾ ಇದು? ಚೀಟಿ ಇಲ್ದೆ ಡಬ್ಬಿ ಇಲ್ಲ. ಚೀಟಿ ಬರೆಯೋರು ಇವತ್ತು ರಜ. ಹೋಗಿ ಹೋಗಿ.”

“ಪರವಾಗಿಲ್ಲ ಬಿಡಿ. ಇಲ್ಲೇ ಕೂತ್ಕೋತೀವಿ. ಕೆಮ್ಮು ಬಂದ್ರೆ ಇಲ್ಲೇ ಕೆಮ್ತೀವಿ.”

ಅವಳ ಮೇಜಿನ ಮುಂದೆ ಸಾಲಾಗಿ ಕೂತೆವು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಉಳಿದವರೂ ಬಿಚ್ಚಿದೆವು.